ಪೇಮೆಂಟ್ ಕಾರ್ಡ್ ಟೆಸ್ಟಿಂಗ್ ಮತ್ತು ಸರ್ಟಿಫಿಕೇಶನ್: ಮೊದಲ ಸಲ್ಲಿಕೆಯಲ್ಲೇ ಪಾಸಾಗಲು ಸಮಗ್ರ ಮಾರ್ಗದರ್ಶಿ

ಕಾರ್ಡ್ ಸರ್ಟಿಫಿಕೇಶನ್‌ನಲ್ಲಿ ಅತಿ ಹೆಚ್ಚು ದಿನ ತಿನ್ನುವುದು ಮರುಸಲ್ಲಿಕೆ. ಲ್ಯಾಬ್‌ನಲ್ಲಿ ಒಂದು ಬೈಟ್ ತಪ್ಪು ಸಿಕ್ಕಿತೆಂದರೆ ಪ್ರೊಫೈಲ್ (ಚಿಪ್‌ಗೆ ಬರೆಯುವ ಮೌಲ್ಯಗಳ ಪಟ್ಟಿ) ತಿದ್ದಬೇಕು, ಬ್ಯೂರೋದಲ್ಲಿ (ಕಾರ್ಡ್ ಬರೆದುಕೊಡುವ ಸಂಸ್ಥೆಯಲ್ಲಿ) ಹೊಸ ಡೇಟಾ ತಯಾರಾಗಬೇಕು, ಹೊಸ ಕಾರ್ಡ್ ಬರೆಯಬೇಕು, ಅದು ಲ್ಯಾಬ್ ತಲುಪಬೇಕು, ಸರದಿಯ ಕೊನೆಯಲ್ಲಿ ಮತ್ತೆ ನಿಲ್ಲಬೇಕು. ಅದೇ ಬೈಟ್ ಪರ್ಸನಲೈಸೇಶನ್ ಫೈಲ್ (ಪ್ರತಿ ಕಾರ್ಡ್‌ಗೆ ಬರೆಯುವ ಡೇಟಾ) ಹಂತದಲ್ಲೇ ಸಿಕ್ಕಿದ್ದರೆ ಕೆಲವೇ ನಿಮಿಷಗಳ ಕೆಲಸ. ಹಾಗಾಗಿ ಈ ಮಾರ್ಗದರ್ಶಿಯ ಕ್ರಮ ಇಷ್ಟೇ: ಮೊದಲು ಫೈಲ್, ಆಮೇಲೆ ಕಾರ್ಡ್, ಆಮೇಲೆ ಹೋಸ್ಟ್ (ವ್ಯವಹಾರಕ್ಕೆ ಒಪ್ಪಿಗೆ ಕೊಡುವ ಬ್ಯಾಂಕಿನ ಕಂಪ್ಯೂಟರ್), ಕೊನೆಗೆ ಲ್ಯಾಬ್. ಪ್ರತಿ ತಪ್ಪನ್ನೂ ಅದು ಅಗ್ಗವಾಗಿ ಸಿಗುವ ಜಾಗದಲ್ಲೇ ಹಿಡಿಯಬೇಕು.

ಇಲ್ಲಿ ಹೇಳಿರುವುದು ಮುಖ್ಯವಾಗಿ ಕಾರ್ಡ್ ನೀಡುವ ಬ್ಯಾಂಕ್ ಮತ್ತು ಅದರ ಪರ್ಸನಲೈಸೇಶನ್ ಬ್ಯೂರೋ ಕಡೆಯ ಕೆಲಸ. ಟರ್ಮಿನಲ್ ಕಡೆಯದನ್ನು ಹಂತ 7ರ ನಂತರ ಚಿಕ್ಕದಾಗಿ ಕೊಟ್ಟಿದೆ.

ಹಂತ 1: ಯಾವುದು ನಿಮ್ಮ ಕೆಲಸ, ಯಾವುದು ಅಲ್ಲ

ಚಿಪ್‌ನ ಹಾರ್ಡ್‌ವೇರ್ ಭದ್ರತೆ, ಆಪರೇಟಿಂಗ್ ಸಿಸ್ಟಮ್, ಅದರಲ್ಲಿರುವ ಪೇಮೆಂಟ್ ಆ್ಯಪ್ಲೆಟ್ (ಚಿಪ್ ಒಳಗಿನ ಪಾವತಿ ತಂತ್ರಾಂಶ): ಇವುಗಳ ಪರೀಕ್ಷೆ ಚಿಪ್ ಮತ್ತು ಕಾರ್ಡ್ ತಯಾರಕರ ಜವಾಬ್ದಾರಿ. ಇಎಂವಿಕೋ (ಚಿಪ್ ಕಾರ್ಡ್ ಮಾನದಂಡ ನೋಡಿಕೊಳ್ಳುವ ಸಂಸ್ಥೆ) ಮತ್ತು ಆಯಾ ನೆಟ್‌ವರ್ಕ್ ಅವರಿಗೆ ಅನುಮೋದನೆ ಪತ್ರ ಕೊಟ್ಟಿರುತ್ತವೆ. ಅದರ ಮೇಲೆ ನಿಮ್ಮ ಡೇಟಾ ಸರಿಯಾಗಿ ಕೂತಿದೆಯೇ ಎಂದು ತೋರಿಸುವ ಪರ್ಸನಲೈಸೇಶನ್ ವ್ಯಾಲಿಡೇಶನ್ ಮಾತ್ರ ನಿಮ್ಮ ಪಾಲಿಗೆ ಬರುತ್ತದೆ. ಮಾಸ್ಟರ್‌ಕಾರ್ಡ್ ಇದನ್ನು ಸಿಪಿವಿ (ಕಾರ್ಡ್ ಪರ್ಸನಲೈಸೇಶನ್ ವ್ಯಾಲಿಡೇಶನ್) ಎನ್ನುತ್ತದೆ. ಉಳಿದ ನೆಟ್‌ವರ್ಕ್‌ಗಳಲ್ಲಿ ಹೆಸರು ಬೇರೆಯಾದರೂ ಕೆಲಸ ಹೆಚ್ಚುಕಡಿಮೆ ಅದೇ.

ಕಾರ್ಡ್ ಆರ್ಡರ್ ಕೊಡುವ ಮುನ್ನವೇ ತಯಾರಕರಿಂದ ಅನುಮೋದನೆ ಪತ್ರ ತರಿಸಿಕೊಂಡು ಮೂರು ವಿಷಯ ನೋಡಿ. ಪತ್ರದ ಅವಧಿ ನಿಮ್ಮ ಯೋಜನೆ ಮುಗಿಯುವವರೆಗೂ ಇದೆಯೇ? ಪತ್ರದಲ್ಲಿರುವ ಚಿಪ್, ಆಪರೇಟಿಂಗ್ ಸಿಸ್ಟಮ್, ಆ್ಯಪ್ಲೆಟ್ ಆವೃತ್ತಿ ನಿಮಗೆ ಬರುವ ಮಾಲಿನದ್ದೇ? ಕಾಂಟ್ಯಾಕ್ಟ್‌ಲೆಸ್ ಇದ್ದರೆ ಆಂಟೆನಾ ಇನ್‌ಲೇ (ಆಂಟೆನಾ ಇರುವ ಒಳಪದರ) ಕೂಡ ಅದೇನಾ? ಇವುಗಳಲ್ಲಿ ಒಂದು ಹೊಂದದಿದ್ದರೂ ಮುಂದಿನ ಅಷ್ಟೂ ಟೆಸ್ಟಿಂಗ್ ಬೇರೊಂದು ಉತ್ಪನ್ನದ ಮೇಲೆ ಮಾಡಿದಂತಾಗುತ್ತದೆ.

ಕಾರ್ಡ್ ವಿನ್ಯಾಸವನ್ನೂ ಇಲ್ಲೇ ನಿರ್ಧರಿಸಿ ಮುಗಿಸಿ. ಐಡಿ-1 (ಸಾಮಾನ್ಯ ಬ್ಯಾಂಕ್ ಕಾರ್ಡ್ ಗಾತ್ರ) ಅಳತೆ 85.60 × 53.98 ಮಿ.ಮೀ., ದಪ್ಪ 0.76 ಮಿ.ಮೀ. ಎಂದು ಎಲ್ಲರಿಗೂ ಗೊತ್ತು, ಅಲ್ಲಿ ತೊಂದರೆ ಬರುವುದು ಕಡಿಮೆ. ತೊಂದರೆ ಕೊಡುವುದು ಲೋಹದ ಫಾಯಿಲ್, ಲೋಹದ ಅಂಶವಿರುವ ಶಾಯಿ ಮತ್ತು ಲೋಹದ ಕಾರ್ಡ್. ಇವು ಕಾಂಟ್ಯಾಕ್ಟ್‌ಲೆಸ್‌ಗೆ ಬಳಸುವ 13.56 ಮೆಗಾಹರ್ಟ್ಸ್ ಕ್ಷೇತ್ರವನ್ನು ಕುಗ್ಗಿಸಿ ಆಂಟೆನಾದ ಟ್ಯೂನಿಂಗ್ ಕೆಡಿಸುತ್ತವೆ. ಮಾರ್ಕೆಟಿಂಗ್ ತಂಡ ಕೊನೆಯ ವಾರದಲ್ಲಿ ಹೊಳೆಯುವ ಲೋಗೋ ಸೇರಿಸಿತು ಎಂದುಕೊಳ್ಳಿ, ಕಾಂಟ್ಯಾಕ್ಟ್‌ಲೆಸ್‌ನ ಅನಲಾಗ್ ಪರೀಕ್ಷೆ ಮೊದಲಿನಿಂದ ಶುರು.

ಹಂತ 2: ಒಂದೇ ಮಾಸ್ಟರ್ ಪ್ರೊಫೈಲ್

ಬ್ಯಾಂಕಿನ ಬಳಿ ಒಂದು ಎಕ್ಸೆಲ್, ಬ್ಯೂರೋ ಬಳಿ ಇನ್ನೊಂದು, ನೆಟ್‌ವರ್ಕ್‌ಗೆ ಕೊಟ್ಟ ಫಾರ್ಮ್‌ನಲ್ಲಿ ಮೂರನೆಯದು ಇರುವ ಸ್ಥಿತಿಯಿಂದಲೇ ಬಹುಪಾಲು ವಾಪಸಾತಿ ಹುಟ್ಟುತ್ತದೆ. ಪ್ರೊಫೈಲ್ ಒಂದೇ ಫೈಲ್‌ನಲ್ಲಿರಲಿ, ಅದಕ್ಕೆ ಆವೃತ್ತಿ ಸಂಖ್ಯೆ ಇರಲಿ, ಒಬ್ಬರೇ ಅದರ ಒಡೆಯರಾಗಿರಲಿ. ಪ್ರತಿ ಟ್ಯಾಗ್‌ಗೆ (ಚಿಪ್‌ನ ಒಂದೊಂದು ಡೇಟಾ ಅಂಶದ ಗುರುತು ಸಂಖ್ಯೆ) ಐದು ಅಂಕಣ ಸಾಕು: ಟ್ಯಾಗ್, ಮೌಲ್ಯ ಅಥವಾ ಮೌಲ್ಯ ಬರುವ ಮೂಲ, ಉದ್ದ, ಯಾವ ಇಂಟರ್‌ಫೇಸ್‌ಗೆ (ಕಾಂಟ್ಯಾಕ್ಟ್, ಕಾಂಟ್ಯಾಕ್ಟ್‌ಲೆಸ್, ಎರಡೂ), ಮತ್ತು ಈ ಮೌಲ್ಯವನ್ನು ಏಕೆ ಆರಿಸಿದೆವು ಎಂಬ ಒಂದು ಸಾಲು. ಕೊನೆಯ ಅಂಕಣವನ್ನು ಬಿಡಬೇಡಿ. ಆರು ತಿಂಗಳ ನಂತರ ಲ್ಯಾಬ್ ಪ್ರಶ್ನೆ ಕೇಳಿದಾಗ ಉತ್ತರ ಇರುವುದು ಅಲ್ಲೇ.

ಪ್ರೊಫೈಲ್ ಸಿದ್ಧವಾದ ಮೇಲೆ ಅದರೊಳಗಿನ ಹೊಂದಾಣಿಕೆಯನ್ನು ಪರೀಕ್ಷಿಸಿ. ಇದಕ್ಕೆ ಚಿಪ್ ಬೇಕಿಲ್ಲ, ಒಂದು ಸ್ಕ್ರಿಪ್ಟ್ ಸಾಕು. ನಮ್ಮ ಅನುಭವದಲ್ಲಿ ಈ ಕೆಳಗಿನವು ಪದೇ ಪದೇ ತಪ್ಪುವ ಜಾಗಗಳು.

ಟ್ಯಾಗ್ 5ಎ ಯಲ್ಲಿರುವ ಕಾರ್ಡ್ ಸಂಖ್ಯೆ ಮತ್ತು 57ರಲ್ಲಿರುವ (ಸ್ಟ್ರೈಪ್ ಡೇಟಾಗೆ ಸಮನಾದ ಚಿಪ್ ಡೇಟಾ) ಕಾರ್ಡ್ ಸಂಖ್ಯೆ ಒಂದೇ ಇರಬೇಕು. 5ಎಫ್24ರ (ಕಾರ್ಡ್ ಅವಧಿ ಮುಗಿಯುವ ದಿನಾಂಕ) ವರ್ಷ-ತಿಂಗಳು 57ರ ಒಳಗಿನ ನಾಲ್ಕು ಅಂಕಿಗಳಿಗೆ ಹೊಂದಬೇಕು. ಸಂಖ್ಯೆ ಲೂನ್ ಪರೀಕ್ಷೆ (ಕೊನೆಯ ಅಂಕಿಯ ಲೆಕ್ಕದ ತಾಳೆ) ಪಾಸಾಗಬೇಕು. ಮ್ಯಾಗ್ ಸ್ಟ್ರೈಪ್‌ನ (ಕಾಂತೀಯ ಪಟ್ಟಿಯ) ಸರ್ವಿಸ್ ಕೋಡ್ (ಕಾರ್ಡ್‌ನಲ್ಲಿ ಚಿಪ್ ಇದೆ ಎಂದೂ ಹೇಳುವ ಮೂರು ಅಂಕಿ) 2 ಅಥವಾ 6ರಿಂದ ಶುರುವಾಗಬೇಕು. ಹಳೆಯ ಪ್ರೊಫೈಲ್ ನಕಲಿಸಿ ಅಲ್ಲಿ 1 ಉಳಿದುಬಿಟ್ಟರೆ, ಕಾರ್ಡ್ ಉಜ್ಜಿದಾಗ ಟರ್ಮಿನಲ್ ಚಿಪ್ ಕೇಳುವುದೇ ಇಲ್ಲ.

ಸ್ಟ್ರೈಪ್‌ನಲ್ಲಿರುವ ಸಿವಿವಿ (ಕಾರ್ಡ್ ಪರಿಶೀಲನೆ ಸಂಖ್ಯೆ) ಮತ್ತು ಚಿಪ್‌ನ 57ರಲ್ಲಿರುವ ಐಸಿವಿವಿ (ಅದರದ್ದೇ ಚಿಪ್ ರೂಪ) ಬೇರೆ ಬೇರೆ ಇರಬೇಕು. ಐಸಿವಿವಿ ಲೆಕ್ಕಕ್ಕೆ ಸರ್ವಿಸ್ ಕೋಡ್ ಜಾಗದಲ್ಲಿ 999, ಹಿಂಬದಿಯ ಸಿವಿವಿ2ಕ್ಕೆ 000. ಸಿವಿವಿ ಮತ್ತು ಐಸಿವಿವಿ ಒಂದೇ ಆಗಿದ್ದರೆ ಚಿಪ್ ಡೇಟಾ ಕದ್ದು ಸ್ಟ್ರೈಪ್ ಕಾರ್ಡ್ ಮಾಡುವವರಿಗೆ ಬಾಗಿಲು ತೆರೆದಂತೆ. ಲ್ಯಾಬ್ ಇದನ್ನು ಖಂಡಿತ ನೋಡುತ್ತದೆ.

8ಇ, ಅಂದರೆ ಸಿವಿಎಂ ಪಟ್ಟಿ (ಕಾರ್ಡ್‌ದಾರರನ್ನು ಪಿನ್, ಸಹಿ ಮುಂತಾದ ಯಾವ ರೀತಿಯಲ್ಲಿ ಪರಿಶೀಲಿಸಬೇಕು ಎಂಬ ಪಟ್ಟಿ). ಮೊದಲ 8 ಬೈಟ್ ಎರಡು ಮೊತ್ತಗಳಿಗೆ ಮೀಸಲು, ಆಮೇಲೆ ಎರಡೆರಡು ಬೈಟ್‌ಗಳ ನಿಯಮಗಳು. 42 03 ಎಂದರೆ ಟರ್ಮಿನಲ್‌ಗೆ ಆಗುವುದಾದರೆ ಆನ್‌ಲೈನ್ ಪಿನ್, ವಿಫಲವಾದರೆ ಮುಂದಿನ ನಿಯಮಕ್ಕೆ ಹೋಗು. ಅದನ್ನೇ 02 03 ಎಂದು ಬರೆದರೆ ವಿಫಲವಾದ ಕೂಡಲೇ ಪರಿಶೀಲನೆ ಸೋತಂತೆ, ಕೆಳಗೆ ಸಹಿ ಇದ್ದರೂ ಟರ್ಮಿನಲ್ ಅಲ್ಲಿಗೆ ಬರುವುದಿಲ್ಲ. ಎಐಪಿಯ (ಟ್ಯಾಗ್ 82, ಕಾರ್ಡ್‌ಗೆ ಯಾವ ಸೌಲಭ್ಯಗಳಿವೆ ಎಂದು ಹೇಳುವುದು) ಮೊದಲ ಬೈಟ್‌ನಲ್ಲಿ ಹೆಕ್ಸ್ 10 ಬಿಟ್ ಇಲ್ಲದಿದ್ದರೆ ಇಡೀ ಪಟ್ಟಿಯನ್ನೇ ಟರ್ಮಿನಲ್ ಓದುವುದಿಲ್ಲ ಎಂಬುದನ್ನೂ ನೆನಪಿಡಿ.

8ಸಿ, ಅಂದರೆ ಮೊದಲ ಕ್ರಿಪ್ಟೋಗ್ರಾಂಗೆ (ವ್ಯವಹಾರಕ್ಕೆ ಕಾರ್ಡ್ ಗುಪ್ತ ಕೀಯಿಂದ ಲೆಕ್ಕ ಹಾಕಿ ಕೊಡುವ ಮುದ್ರೆ) ಕಾರ್ಡ್ ಕೇಳುವ ಡೇಟಾ ಪಟ್ಟಿ. ಸಾಮಾನ್ಯವಾಗಿ ಇದರಲ್ಲಿ ಎಂಟು ಅಂಶ: ಮೊತ್ತ 6 ಬೈಟ್, ಇತರ ಮೊತ್ತ 6, ಟರ್ಮಿನಲ್ ದೇಶ 2, ಟಿವಿಆರ್ (ಟರ್ಮಿನಲ್‌ನ ಪರಿಶೀಲನೆಗಳ ಫಲಿತಾಂಶ) 5, ಕರೆನ್ಸಿ 2, ದಿನಾಂಕ 3, ವ್ಯವಹಾರದ ಬಗೆ 1, ಊಹಿಸಲಾಗದ ಸಂಖ್ಯೆ 4. ಒಟ್ಟು 29 ಬೈಟ್, ಹೆಕ್ಸ್‌ನಲ್ಲಿ 1ಡಿ. ಪ್ರೊಫೈಲ್‌ನ ಮೊತ್ತ ಹೀಗೆ ಕೂಡಿ ನೋಡಿ. ಹಾಳೆಯಲ್ಲಿ ಕೂಡಿದ ಲೆಕ್ಕಕ್ಕೂ ಟ್ರೇಸ್‌ನಲ್ಲಿ (ಕಾರ್ಡ್ ಜೊತೆಗಿನ ಸಂವಾದದ ದಾಖಲೆಯಲ್ಲಿ) ಕಾಣುವ ಉದ್ದಕ್ಕೂ ವ್ಯತ್ಯಾಸ ಬಂದರೆ ಪಟ್ಟಿಯಲ್ಲಿ ಏನೋ ಬಿಟ್ಟಿದೆ ಎಂದೇ ಅರ್ಥ.

82 ಮತ್ತು 8ಡಿ (ಎರಡನೇ ಕ್ರಿಪ್ಟೋಗ್ರಾಂಗೆ ಕಾರ್ಡ್ ಕೇಳುವ ಡೇಟಾ ಪಟ್ಟಿ) ನಡುವಿನ ಸಂಬಂಧ ಬಹಳ ಜನರಿಗೆ ತಪ್ಪುತ್ತದೆ. 82ರಲ್ಲಿ 3900 ಇದ್ದರೆ ಬ್ಯಾಂಕಿನ ದೃಢೀಕರಣಕ್ಕೆ ಎಕ್ಸ್‌ಟರ್ನಲ್ ಆಥೆಂಟಿಕೇಟ್ ಆದೇಶ ಬಳಕೆಯಾಗುವುದಿಲ್ಲ. ಆಗ ಹೋಸ್ಟ್‌ನ ಎಆರ್‌ಪಿಸಿ (ಕಾರ್ಡ್‌ಗೆ ಹೋಸ್ಟ್ ಕೊಡುವ ಉತ್ತರ ಕ್ರಿಪ್ಟೋಗ್ರಾಂ, ಟ್ಯಾಗ್ 91) ಎರಡನೇ ಕ್ರಿಪ್ಟೋಗ್ರಾಂ ಆದೇಶದ ಜೊತೆಗೇ ಹೋಗಬೇಕು, ಅಂದರೆ 8ಡಿ ಪಟ್ಟಿಯಲ್ಲಿ 91 ಇರಲೇಬೇಕು. ಇಲ್ಲದಿದ್ದರೆ ಹೋಸ್ಟ್ ಎಷ್ಟು ಸರಿಯಾಗಿ ಲೆಕ್ಕ ಹಾಕಿದರೂ ಉತ್ತರ ಕಾರ್ಡ್‌ಗೆ ತಲುಪುವುದೇ ಇಲ್ಲ. ದಿನಗಟ್ಟಲೆ ಹೋಸ್ಟ್ ತಂಡವನ್ನು ಕಾಡಿಸುವ ಈ ತಪ್ಪು ಪ್ರೊಫೈಲ್ ಹಾಳೆಯಲ್ಲಿ ಎರಡು ಸಾಲು ಓದಿದರೆ ಸಿಗುತ್ತದೆ.

ಎಎಫ್‌ಎಲ್ (ಟ್ಯಾಗ್ 94, ಟರ್ಮಿನಲ್ ಓದಬೇಕಾದ ದಾಖಲೆಗಳ ಪಟ್ಟಿ) ಪ್ರತಿ ನಾಲ್ಕು ಬೈಟ್‌ಗೆ ಒಂದು ನಮೂದು. 10 01 03 01 ಎಂದರೆ 2ನೇ ಫೈಲ್‌ನ 1ರಿಂದ 3ನೇ ದಾಖಲೆವರೆಗೆ ಓದು, ಅದರಲ್ಲಿ ಮೊದಲ 1 ದಾಖಲೆ ಸಹಿಗೆ ಒಳಪಟ್ಟಿದೆ ಎಂದು. ಡೇಟಾ ತಯಾರಿಯಲ್ಲಿ ಎರಡು ದಾಖಲೆ ಸೇರಿಸಿ ಸಹಿ ಮಾಡಿ, ಇಲ್ಲಿ 01 ಹಾಗೇ ಉಳಿದರೆ ಹ್ಯಾಶ್ ಹೊಂದುವುದಿಲ್ಲ. ಆಫ್‌ಲೈನ್ ದೃಢೀಕರಣ (ಬ್ಯಾಂಕಿನ ಸಂಪರ್ಕವಿಲ್ಲದೆ ಕಾರ್ಡ್ ಅಸಲಿಯೇ ಎಂದು ಟರ್ಮಿನಲ್ ನೋಡುವುದು) ಪ್ರತಿ ಕಾರ್ಡ್‌ನಲ್ಲೂ ಸೋಲುತ್ತದೆ.

ಕಾಂಟ್ಯಾಕ್ಟ್‌ಲೆಸ್‌ಗೆ ತನ್ನದೇ 82 ಮತ್ತು 94 ಇರುತ್ತವೆ. ಕಾಂಟ್ಯಾಕ್ಟ್ ಮೌಲ್ಯಗಳನ್ನು ಅಲ್ಲಿಗೆ ನಕಲಿಸಬೇಡಿ. 2ಪೇ.ಸಿಸ್.ಡಿಡಿಎಫ್01 ಡೈರೆಕ್ಟರಿಯಲ್ಲಿ (ಕಾಂಟ್ಯಾಕ್ಟ್‌ಲೆಸ್ ಅಪ್ಲಿಕೇಶನ್‌ಗಳ ಪಟ್ಟಿ) ಬರೆದ ಎಐಡಿ (ಅಪ್ಲಿಕೇಶನ್‌ನ ಗುರುತು) ಚಿಪ್‌ನಲ್ಲಿರುವ ಎಐಡಿಗೆ ಅಕ್ಷರಶಃ ಹೊಂದದಿದ್ದರೆ ಸೆಲೆಕ್ಟ್ ಆದೇಶಕ್ಕೆ 6ಎ82 (ಸಿಗಲಿಲ್ಲ ಎಂಬ ಉತ್ತರ) ಬಂದು ವ್ಯವಹಾರ ಶುರುವಾಗುವ ಮುನ್ನವೇ ನಿಲ್ಲುತ್ತದೆ.

ಹಂತ 3: ಕೀ ಮತ್ತು ಸರ್ಟಿಫಿಕೇಟ್ ಮೊದಲೇ ತರಿಸಿ

ನೆಟ್‌ವರ್ಕ್‌ನ ಸಿಎಯಿಂದ (ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರದಿಂದ) ಇಶ್ಯೂಯರ್ (ಕಾರ್ಡ್ ನೀಡುವ ಬ್ಯಾಂಕಿನ) ಸರ್ಟಿಫಿಕೇಟ್ ಬರಲು ದಿನ ಹಿಡಿಯುತ್ತದೆ. ಪ್ರೊಫೈಲ್ ಕೆಲಸ ಶುರುವಾದ ದಿನವೇ ಟೆಸ್ಟ್ ಮತ್ತು ಲೈವ್ ಎರಡಕ್ಕೂ ಅರ್ಜಿ ಹಾಕಿ. ಸರ್ಟಿಫಿಕೇಟ್‌ನ ಅವಧಿ ಅದರಿಂದ ಹೊರಡುವ ಕಾರ್ಡ್‌ಗಳ ಅವಧಿಗಿಂತ ಮೊದಲೇ ಮುಗಿಯಬಾರದು. ಕಾರ್ಡ್‌ಗೆ ಐದು ವರ್ಷ ಕೊಟ್ಟು ಸರ್ಟಿಫಿಕೇಟ್ ನಾಲ್ಕರಲ್ಲೇ ಮುಗಿದರೆ, ಕೊನೆಯ ವರ್ಷ ಆಫ್‌ಲೈನ್ ದೃಢೀಕರಣ ಇಲ್ಲದ ಕಾರ್ಡ್ ಗ್ರಾಹಕರ ಕೈಯಲ್ಲಿರುತ್ತದೆ.

ಉದ್ದದ ಲೆಕ್ಕವನ್ನು ಕೈಯಿಂದ ಒಮ್ಮೆ ಮಾಡಿ. ಟ್ಯಾಗ್ 90ರ (ಇಶ್ಯೂಯರ್ ಸರ್ಟಿಫಿಕೇಟ್) ಉದ್ದ ಸಿಎ ಕೀಯ ಉದ್ದಕ್ಕೆ ಸಮ: 1984 ಬಿಟ್ ಕೀ ಆದರೆ 248 ಬೈಟ್. 9ಎಫ್46ರ (ಕಾರ್ಡ್‌ನ ಸರ್ಟಿಫಿಕೇಟ್) ಉದ್ದ ಇಶ್ಯೂಯರ್ ಕೀಗೆ ಸಮ. ಇಶ್ಯೂಯರ್ ಕೀ 176 ಬೈಟ್ ಇದ್ದರೆ ಅದರೊಳಗೆ ಕಾರ್ಡ್ ಕೀಗೆ ಸಿಗುವ ಜಾಗ 176ರಿಂದ 42 ಕಳೆದು 134 ಬೈಟ್. ಕಾರ್ಡ್ ಕೀ 144 ಬೈಟ್ ಆದರೆ ಉಳಿದ 10 ಬೈಟ್ 9ಎಫ್48ರಲ್ಲಿ ಇರಬೇಕು. ಈ 10 ಬೈಟ್ ಬಿಟ್ಟುಹೋದ ಪ್ರೊಫೈಲ್ ಹೊರನೋಟಕ್ಕೆ ಪೂರ್ಣವಾಗಿಯೇ ಕಾಣುತ್ತದೆ.

ಇನ್ನೊಂದು ಮಾತು. ಸಹಿಗೆ ಒಳಪಟ್ಟ ಯಾವ ಡೇಟಾ ತಿದ್ದಿದರೂ, ಎಐಪಿ ಸೇರಿದಂತೆ, ಕಾರ್ಡ್‌ನ ಸರ್ಟಿಫಿಕೇಟ್ ಹೊಸದಾಗಿ ಮಾಡಬೇಕು. ಅವಧಿ ದಿನಾಂಕವನ್ನಷ್ಟೇ ಬದಲಿಸಿ ಹಳೆಯ ಸರ್ಟಿಫಿಕೇಟ್ ಉಳಿಸಿದರೆ ಕಾರ್ಡನ್ನು ಓದಲು ಬರುತ್ತದೆ, ಆದರೆ ದೃಢೀಕರಣ ಸೋಲುತ್ತದೆ.

ಗುಪ್ತ ಕೀಗಳ ವಿಷಯದಲ್ಲಿ ಕೆಸಿವಿ (ಕೀ ತಾಳೆ ನೋಡುವ ಮೌಲ್ಯ) ಹೋಲಿಕೆಯೇ ಉಳಿತಾಯ. ಟ್ರಿಪಲ್ ಡೆಸ್ ಕೀಯಿಂದ 8 ಸೊನ್ನೆ ಬೈಟ್‌ಗಳನ್ನು ಎನ್‌ಕ್ರಿಪ್ಟ್ ಮಾಡಿದಾಗ ಬರುವ ಮೊದಲ 3 ಬೈಟ್‌ಗಳು ಅವು. ಬ್ಯೂರೋದ ಎಚ್‌ಎಸ್‌ಎಂ (ಕೀಗಳನ್ನು ಕಾಪಾಡುವ ಸಾಧನ), ಹೋಸ್ಟ್‌ನ ಎಚ್‌ಎಸ್‌ಎಂ, ಟೆಸ್ಟ್ ಟೂಲ್: ಮೂರೂ ಕಡೆ ಪ್ರತಿ ಮಾಸ್ಟರ್ ಕೀಯ ಕೆಸಿವಿ ಒಂದೇ ಎಂದು ಬರವಣಿಗೆಯಲ್ಲಿ ಪಡೆಯದೆ ಒಂದೂ ಕಾರ್ಡ್ ಬರೆಯಬೇಡಿ. ಟೆಸ್ಟ್ ಪರಿಸರದಲ್ಲಿ ಲೈವ್ ಕಾರ್ಡ್ ಸಂಖ್ಯೆಯಾಗಲಿ ಲೈವ್ ಕೀಯಾಗಲಿ ಬರಲೇಬಾರದು. ಇದರಲ್ಲಿ ರಿಯಾಯಿತಿ ಇಲ್ಲ.

ಹಂತ 4: ಟೆಸ್ಟ್ ಕಾರ್ಡ್‌ಗಳು ಎಷ್ಟು, ಯಾವುದಕ್ಕೆ

ಪ್ರತಿ ಪ್ರೊಫೈಲ್‌ಗೆ ಹತ್ತು ಕಾರ್ಡ್ ಬರೆಸಿ. ಮೂರು ಲ್ಯಾಬ್‌ಗೆ, ಎರಡು ಹೋಸ್ಟ್ ಪರೀಕ್ಷೆಗೆ, ಎರಡು ಕಾಂಟ್ಯಾಕ್ಟ್‌ಲೆಸ್‌ಗೆ, ಎರಡು ಕೆಡಿಸಿ ನೋಡುವ ಪರೀಕ್ಷೆಗೆ, ಒಂದು ಯಾರೂ ಮುಟ್ಟದ ಮೂಲ ಪ್ರತಿ. ಪ್ರತಿ ಕಾರ್ಡ್ ಮೇಲೆ ಪ್ರೊಫೈಲ್ ಆವೃತ್ತಿ ಮತ್ತು ಕ್ರಮಸಂಖ್ಯೆ ಅಂಟಿಸಿ. ಒಂದೇ ರೀತಿ ಕಾಣುವ ಬಿಳಿ ಪ್ಲಾಸ್ಟಿಕ್‌ಗಳು ಮೇಜಿನ ಮೇಲೆ ಬೆರೆತರೆ ಹಳೆಯ ಆವೃತ್ತಿಯ ಕಾರ್ಡ್ ಲ್ಯಾಬ್‌ಗೆ ಹೋಗುವುದು ಖಚಿತ.

ಕೆಡಿಸುವ ಕಾರ್ಡ್‌ಗಳನ್ನು ಬೇರೆ ಇಡುವುದಕ್ಕೆ ಕಾರಣವಿದೆ. ತಪ್ಪು ಪಿನ್ ಕೊಟ್ಟಾಗ 63ಸಿ2, 63ಸಿ1 ಎಂದು ಇಳಿದು ಕೊನೆಗೆ 6983 ಬಂದು ಪಿನ್ ಲಾಕ್ ಆಗುತ್ತದೆ. ಅಪ್ಲಿಕೇಶನ್ ಬ್ಲಾಕ್ ಸ್ಕ್ರಿಪ್ಟ್ ಓಡಿಸಿದ ಕಾರ್ಡ್ ಮುಂದಿನ ಪರೀಕ್ಷೆಗೆ ಬರುವುದಿಲ್ಲ. ಎಟಿಸಿ (9ಎಫ್36) ಕಾರ್ಡ್ ಮಾಡಿದ ವ್ಯವಹಾರಗಳ ಎರಡು ಬೈಟ್‌ನ ಎಣಿಕೆ, ಗರಿಷ್ಠ 65535, ಅದು ಹಿಂದಕ್ಕೆ ಬರುವುದಿಲ್ಲ. ರಾತ್ರಿಯಿಡೀ ಸ್ವಯಂಚಾಲಿತ ಪರೀಕ್ಷೆ ಓಡಿಸುವವರು ಇದನ್ನು ಮರೆತರೆ ಕಾರ್ಡ್ ಶಾಶ್ವತವಾಗಿ ಸಾಯುತ್ತದೆ.

ಹಂತ 5: ಚಿಪ್ ಮೇಲಿನ ಸ್ವಯಂಚಾಲಿತ ತಪಾಸಣೆ

ಒಂದು ಪಿಸಿ/ಎಸ್‌ಸಿ ರೀಡರ್ (ಕಂಪ್ಯೂಟರ್‌ಗೆ ಜೋಡಿಸುವ ಚಿಪ್ ರೀಡರ್), ಒಂದು ಸ್ಕ್ರಿಪ್ಟ್. ಕ್ರಮ ಹೀಗಿರಲಿ: ಸೆಲೆಕ್ಟ್, ಗೆಟ್ ಪ್ರೊಸೆಸಿಂಗ್ ಆಪ್ಷನ್ಸ್, ಎಎಫ್‌ಎಲ್ ಹೇಳಿದ ಪ್ರತಿ ದಾಖಲೆಗೆ ರೀಡ್ ರೆಕಾರ್ಡ್, ಎಟಿಸಿ ಮತ್ತು ಪಿನ್ ಎಣಿಕೆಗೆ ಗೆಟ್ ಡೇಟಾ. ಓದಿದ ಪ್ರತಿ ಟ್ಯಾಗ್ ಅನ್ನು ಮಾಸ್ಟರ್ ಪ್ರೊಫೈಲ್ ಜೊತೆ ಹೋಲಿಸಿ. ಪ್ರೊಫೈಲ್‌ನಲ್ಲಿದ್ದು ಕಾರ್ಡ್‌ನಲ್ಲಿ ಇಲ್ಲದ್ದನ್ನು ಹೇಗೋ ಹಾಗೆ, ಕಾರ್ಡ್‌ನಲ್ಲಿದ್ದು ಪ್ರೊಫೈಲ್‌ನಲ್ಲಿ ಇಲ್ಲದ ಟ್ಯಾಗ್ ಅನ್ನೂ ದೋಷ ಎಂದೇ ಎಣಿಸಿ. ಬ್ಯೂರೋದ ಹಳೆಯ ಟೆಂಪ್ಲೇಟ್‌ನಿಂದ ನುಸುಳಿದ ಟ್ಯಾಗ್‌ಗಳು ಹೀಗೇ ಸಿಗುವುದು.

ಆಮೇಲೆ ಸರ್ಟಿಫಿಕೇಟ್ ಸರಪಳಿ ಬಿಚ್ಚಿ ಪರಿಶೀಲಿಸಿ, ಕ್ರಿಪ್ಟೋಗ್ರಾಂ ಪಡೆದು ಟೆಸ್ಟ್ ಕೀಯಿಂದ ತಾಳೆ ನೋಡಿ. ಎಲ್ಲ ಎಪಿಡಿಯು (ರೀಡರ್-ಕಾರ್ಡ್ ನಡುವಿನ ಆದೇಶ ಮತ್ತು ಉತ್ತರ) ಸಂವಾದವನ್ನೂ ಕಾರ್ಡ್ ಸಂಖ್ಯೆ, ಪ್ರೊಫೈಲ್ ಆವೃತ್ತಿ, ಟೂಲ್ ಆವೃತ್ತಿಯೊಂದಿಗೆ ಉಳಿಸಿ. ಲ್ಯಾಬ್ ವರದಿ ಬಂದಾಗ ನಿಮ್ಮ ಟ್ರೇಸ್ ಪಕ್ಕದಲ್ಲಿಟ್ಟರೆ ವಾದವೇ ಇರುವುದಿಲ್ಲ.

ಟಿವಿಆರ್ (ಟ್ಯಾಗ್ 95) ಓದಲು ತಂಡದ ಎಲ್ಲರಿಗೂ ಬರಬೇಕು. 08 00 00 80 00 ಬಂದಿತು ಎನ್ನಿ. ನಾಲ್ಕನೇ ಬೈಟ್‌ನ 80 ಎಂದರೆ ಮೊತ್ತ ಫ್ಲೋರ್ ಲಿಮಿಟ್ (ಬ್ಯಾಂಕನ್ನು ಕೇಳದೆ ಒಪ್ಪಬಹುದಾದ ಮಿತಿ) ಮೀರಿದೆ, ಆನ್‌ಲೈನ್ ವ್ಯವಹಾರದಲ್ಲಿ ಸಹಜ. ಮೊದಲ ಬೈಟ್‌ನ 08 ಎಂದರೆ ಡಿಡಿಎ (ಆಫ್‌ಲೈನ್ ದೃಢೀಕರಣದ ಒಂದು ಬಗೆ) ಸೋತಿದೆ, ಇದು ನಿಜವಾದ ದೋಷ. ಅದೇ ಕಾರ್ಡ್ ಸಿಡಿಎ (ಕ್ರಿಪ್ಟೋಗ್ರಾಂ ಜೊತೆ ಸೇರಿಸಿದ ಬಗೆ) ಬಲ್ಲ ಟರ್ಮಿನಲ್‌ನಲ್ಲಿ 04 ತೋರಿಸಬಹುದು. ಕಾರಣ ಹುಡುಕುವ ಮುನ್ನ ಟರ್ಮಿನಲ್‌ನಲ್ಲಿ ಟೆಸ್ಟ್ ಸಿಎ ಕೀ ಇದೆಯೇ ನೋಡಿ. ಲೈವ್ ಕೀ ಮಾತ್ರ ಇರುವ ಟರ್ಮಿನಲ್‌ಗೆ ಟೆಸ್ಟ್ ಕಾರ್ಡ್ ಹಾಕಿ ಕಾರ್ಡನ್ನು ದೂರಿದರೆ ಪ್ರಯೋಜನವಿಲ್ಲ.

ಹಂತ 6: ಹೋಸ್ಟ್ ಜೊತೆ ಕೊನೆಯಿಂದ ಕೊನೆಯವರೆಗೆ

ಇಲ್ಲಿ ಬರುವ ದೂರು ಬಹುತೇಕ ಒಂದೇ: ಎಆರ್‌ಕ್ಯೂಸಿ (ಒಪ್ಪಿಗೆ ಕೇಳಿ ಕಾರ್ಡ್ ಹೋಸ್ಟ್‌ಗೆ ಕಳಿಸುವ ಕ್ರಿಪ್ಟೋಗ್ರಾಂ) ತಾಳೆಯಾಗುತ್ತಿಲ್ಲ. ಹುಡುಕುವ ಕ್ರಮ ತಪ್ಪಿದರೆ ವಾರ ಕಳೆಯುತ್ತದೆ, ಕ್ರಮ ಸರಿಯಿದ್ದರೆ ಒಂದು ಮಧ್ಯಾಹ್ನ ಸಾಕು.

ಮೊದಲು ಮಾಸ್ಟರ್ ಕೀಯ ಕೆಸಿವಿ. ಎರಡನೆಯದು ಕಾರ್ಡ್ ಸೀಕ್ವೆನ್ಸ್ ಸಂಖ್ಯೆ, 5ಎಫ್34. ಕಾರ್ಡ್‌ನ ಕೀ ಹುಟ್ಟುವುದೇ ಕಾರ್ಡ್ ಸಂಖ್ಯೆ ಮತ್ತು ಈ ಸೀಕ್ವೆನ್ಸ್ ಸೇರಿ. ಚಿಪ್‌ನಲ್ಲಿ 01, ಹೋಸ್ಟ್‌ನಲ್ಲಿ 00 ಇದ್ದರೆ ಉಳಿದೆಲ್ಲ ಸರಿಯಿದ್ದರೂ ಒಂದೂ ವ್ಯವಹಾರ ತಾಳೆಯಾಗದು. ಮೂರನೆಯದು ಕ್ರಿಪ್ಟೋಗ್ರಾಂ ಆವೃತ್ತಿ, ಅದು 9ಎಫ್10ರ (ಬ್ಯಾಂಕಿಗಾಗಿ ಕಾರ್ಡ್ ಕೊಡುವ ಡೇಟಾ) ಒಳಗಿದೆ. ಕೆಲವು ಆವೃತ್ತಿಗಳು ಕಾರ್ಡ್‌ನ ಕೀಯನ್ನೇ ನೇರ ಬಳಸುತ್ತವೆ, ಕೆಲವು ಎಟಿಸಿಯಿಂದ ಸೆಶನ್ ಕೀ ಮಾಡಿಕೊಳ್ಳುತ್ತವೆ. ಪ್ಯಾಡಿಂಗ್ ಕೂಡ ಬೇರೆ: ಒಂದರಲ್ಲಿ ಬರೀ ಸೊನ್ನೆ, ಇನ್ನೊಂದರಲ್ಲಿ ಮೊದಲು ಹೆಕ್ಸ್ 80. ನಾಲ್ಕನೆಯದು, ಹೋಸ್ಟ್‌ಗೆ ಬಂದ ಡೇಟಾ. ಐಎಸ್‌ಒ 8583 (ಕಾರ್ಡ್ ವ್ಯವಹಾರಗಳ ಸಂದೇಶ ಮಾನದಂಡ) ಸಂದೇಶದ ಫೀಲ್ಡ್ 55ರಲ್ಲಿ ಬಂದ ಮೊತ್ತ, ಟಿವಿಆರ್, ದಿನಾಂಕ ಎಲ್ಲವೂ ಕಾರ್ಡ್‌ಗೆ ಕೊಟ್ಟದ್ದೇ ಆಗಿರಬೇಕು. ನಡುವಿನ ಸ್ವಿಚ್ ದಿನಾಂಕ ಬದಲಿಸಿದರೂ ತಾಳೆ ತಪ್ಪುತ್ತದೆ. ಚಿಪ್ ಟ್ರೇಸ್‌ನ ಬೈಟ್‌ಗಳನ್ನೂ ಹೋಸ್ಟ್ ಲಾಗ್‌ನ ಬೈಟ್‌ಗಳನ್ನೂ ಸಾಲು ಹಿಡಿದು ಹೋಲಿಸಿ.

ತಾಳೆ ಸಿಕ್ಕ ಮೇಲೆ ಅನುಮೋದನೆ, ನಿರಾಕರಣೆ, ತಪ್ಪು ಎಆರ್‌ಪಿಸಿ, ಪಿನ್ ಬದಲಾವಣೆ ಮತ್ತು ಅನ್‌ಬ್ಲಾಕ್ ಸ್ಕ್ರಿಪ್ಟ್, ಹೋಸ್ಟ್‌ಗೆ ಸಂಪರ್ಕ ಸಿಗದ ಸ್ಥಿತಿ: ಇಷ್ಟನ್ನು ಓಡಿಸಿ. ತಪ್ಪು ಎಆರ್‌ಪಿಸಿ ಪರೀಕ್ಷೆಯನ್ನು ಬಿಡುವವರೇ ಹೆಚ್ಚು, ನೆಟ್‌ವರ್ಕ್ ಕೇಳುವುದೂ ಅದನ್ನೇ. ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನು ಬೇರೆ ಬೇರೆ ತಯಾರಕರ ಟರ್ಮಿನಲ್‌ಗಳ ಮೇಲೆ 0ಯಿಂದ 4 ಸೆಂ.ಮೀ. ಎತ್ತರದೊಳಗೆ, ನಡುವೆಯೂ ಅಂಚಿನಲ್ಲೂ ಹಿಡಿದು ನೋಡಿ.

ಹಂತ 7: ಲ್ಯಾಬ್‌ಗೆ ಸಲ್ಲಿಕೆ

ಪ್ರೊಫೈಲ್ ಫ್ರೀಜ್ ಮಾಡಿದ ಮೇಲಷ್ಟೇ ಸಲ್ಲಿಸಿ. ಪೊಟ್ಟಣದಲ್ಲಿ ಇರಬೇಕಾದ್ದು: ಕಾರ್ಡ್‌ಗಳು, ಅವುಗಳ ಪಿನ್, ಚಾಲ್ತಿಯಲ್ಲಿರುವ ಆವೃತ್ತಿಯ ಫಾರ್ಮ್, ಅನುಮೋದನೆ ಪತ್ರದ ಸಂಖ್ಯೆ, ಟೆಸ್ಟ್ ಕೀಗಳ ಕೆಸಿವಿ, ನಿಮ್ಮ ಹಂತ 5ರ ಟ್ರೇಸ್. ಪಿನ್ ಕಳಿಸದೆ, ಅಥವಾ ಹಳೆಯ ಫಾರ್ಮ್ ತುಂಬಿ ನಿಂತುಹೋಗುವ ಸಲ್ಲಿಕೆಗಳೇ ಬಹಳ. ಫಾರ್ಮ್ ಅನ್ನು ಮಾಸ್ಟರ್ ಪ್ರೊಫೈಲ್‌ನಿಂದ ಸ್ಕ್ರಿಪ್ಟ್ ಮೂಲಕವೇ ತುಂಬಿಸಿ, ಕೈಯಿಂದ ಬೇಡ.

ಒಂದೇ ಚಿಪ್ ಮೇಲೆ ಹಲವು ಉತ್ಪನ್ನ ತರುವ ಯೋಜನೆಯಿದ್ದರೆ ಅವನ್ನು ಒಂದು ಕುಟುಂಬವಾಗಿ ಮುಂದಿಡಿ. ಹೆಚ್ಚು ಸೌಲಭ್ಯಗಳಿರುವ ಪ್ರೊಫೈಲ್ ಪೂರ್ಣವಾಗಿ, ಉಳಿದವು ವ್ಯತ್ಯಾಸದ ಪಟ್ಟಿಯೊಂದಿಗೆ. ಬದಲಾವಣೆಗೆ ಎಷ್ಟು ಮರುಪರೀಕ್ಷೆ ಬೇಕೆಂದು ನಿರ್ಧರಿಸುವುದು ನೆಟ್‌ವರ್ಕ್. ಅದರ ಉತ್ತರವನ್ನು ಬರವಣಿಗೆಯಲ್ಲಿ ಪಡೆದು ಪ್ರೊಫೈಲ್ ಜೊತೆ ಇಡಿ. ಲ್ಯಾಬ್ ದೋಷ ತೋರಿಸಿದರೆ ಅದನ್ನಷ್ಟೇ ತಿದ್ದಿ. ಇದೇ ನೆಪದಲ್ಲಿ ಇನ್ನೆರಡು ಟ್ಯಾಗ್ ಸುಧಾರಿಸಲು ಹೋದರೆ ಪಾಸಾದ ಪರೀಕ್ಷೆಗಳೂ ಮತ್ತೆ ತೆರೆದುಕೊಳ್ಳುತ್ತವೆ.

ಟರ್ಮಿನಲ್ ಕಡೆಯವರಿಗೆ

ಲೆವೆಲ್ 1 ರೀಡರ್‌ನ ವಿದ್ಯುತ್ ಮತ್ತು ಪ್ರೋಟೋಕಾಲ್ ಭಾಗ, ಲೆವೆಲ್ 2 ಕರ್ನಲ್ (ಚಿಪ್ ವ್ಯವಹಾರ ನಡೆಸುವ ತಂತ್ರಾಂಶ), ಲೆವೆಲ್ 3 ಟರ್ಮಿನಲ್‌ನಿಂದ ನೆಟ್‌ವರ್ಕ್‌ವರೆಗಿನ ಜೋಡಣೆ. ವೀಸಾದ ಎಡಿವಿಟಿ, ಮಾಸ್ಟರ್‌ಕಾರ್ಡ್‌ನ ಎಂ-ಟಿಐಪಿ ಪರೀಕ್ಷೆಗಳು ಮೂರನೆಯದಕ್ಕೆ ಸೇರಿದವು. ಸಮಯ ಹೋಗುವುದೂ ಅಲ್ಲೇ, ಏಕೆಂದರೆ ಟರ್ಮಿನಲ್ ಮಾದರಿ, ನೆಟ್‌ವರ್ಕ್, ಸಂರಚನೆ ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಪೇಮೆಂಟ್ ಭಾಗವನ್ನು ಮಾರಾಟದ ತಂತ್ರಾಂಶದಿಂದ ಪೂರ್ತಿ ಬೇರ್ಪಡಿಸಿ, ಕರ್ನಲ್ ಚೆಕ್‌ಸಮ್ ಬದಲಾಗದಂತೆ ನೋಡಿಕೊಳ್ಳಿ. ಬಿಲ್‌ನ ಅಕ್ಷರ ತಿದ್ದಿದ್ದಕ್ಕೆ ಕರ್ನಲ್ ಮತ್ತೆ ಪರೀಕ್ಷೆಗೆ ಹೋಗಬಾರದು. ಬೆಂಬಲಿಸದ ಸೌಲಭ್ಯವನ್ನು ಪ್ರಶ್ನಾವಳಿಯಲ್ಲಿ ಇದೆ ಎಂದು ಗುರುತು ಹಾಕಿದರೆ ಅದರ ಅಷ್ಟೂ ಪರೀಕ್ಷೆಗಳು ನಿಮ್ಮ ಪಟ್ಟಿಗೆ ಬಂದು ಸೇರುತ್ತವೆ.

ಹಂತ 8: ಲೈವ್‌ಗೆ ಹೋಗುವಾಗ

ಅನುಮೋದನೆ ಬಂದದ್ದು ಟೆಸ್ಟ್ ಕೀಗಳ ಮೇಲೆ. ಲೈವ್ ಕೀಗಳಿಂದ ಬರೆದ ಮೊದಲ ಕಾರ್ಡ್‌ಗಳಿಗೆ ಹಂತ 5ರ ಸ್ಕ್ರಿಪ್ಟ್ ಮತ್ತೊಮ್ಮೆ ಓಡಿಸಿ. ಈ ಬಾರಿ ಸಿಎ ಸೂಚ್ಯಂಕ (ಟ್ಯಾಗ್ 8ಎಫ್), ಸರ್ಟಿಫಿಕೇಟ್ ಅವಧಿ ಮತ್ತು ಲೈವ್ ಕೆಸಿವಿಗಳ ಮೇಲೆ ಕಣ್ಣಿರಲಿ. ಲೈವ್ ಕೀಯನ್ನು ಟೂಲ್‌ಗೆ ಹಾಕುವಂತಿಲ್ಲವಾದ್ದರಿಂದ ಎಆರ್‌ಕ್ಯೂಸಿ ತಾಳೆಯನ್ನು ಹೋಸ್ಟ್‌ನಲ್ಲೇ ನೋಡಬೇಕು. ಮೊದಲ ಕಾರ್ಡ್‌ಗಳನ್ನು ಸಿಬ್ಬಂದಿಯ ಸಣ್ಣ ಗುಂಪಿಗೆ ಕೊಟ್ಟು ಎಟಿಎಂ, ಚಿಪ್, ಟ್ಯಾಪ್ ಮೂರನ್ನೂ ಬಳಸಿಸಿ. ಎಆರ್‌ಕ್ಯೂಸಿ ವೈಫಲ್ಯ, ಚಿಪ್ ಓದಲಾಗದೆ ಸ್ಟ್ರೈಪ್‌ಗೆ ಬಿದ್ದ ವ್ಯವಹಾರ, ಟಿವಿಆರ್‌ನ ಮೊದಲ ಬೈಟ್: ಈ ಮೂರನ್ನು ದಿನವೂ ನೋಡಿ. ಇವುಗಳಲ್ಲಿ ಒಂದೇ ಒಂದು ವಿವರಣೆಯಿಲ್ಲದ ಪ್ರಕರಣ ಉಳಿದಿದ್ದರೂ ಮುಂದಿನ ಬ್ಯಾಚ್‌ನ ಮುದ್ರಣಕ್ಕೆ ಒಪ್ಪಿಗೆ ಕೊಡಬೇಡಿ.